ಬಿರುಕಿಗೆ ಹಚ್ಚಿದ ಗಾಜು

ಹೋದ ವಾರ ಮನೆಗೆ ಬಣ್ಣ ಬಳಿಸುತ್ತಿದ್ದೆವು. ಹಿಂದಿನ ಕೋಣೆಯ ಗೋಡೆ ಕೆರೆಯುತ್ತಿದ್ದ ಪೇಂಟರ್ ಕೈ ನಿಲ್ಲಿಸಿ, "ಬಾಯಾರ, ಇಲ್ಲೊಂದು ಕಾಜಿನ ತುಣುಕು ಐತ್ರಿ, ಕಿತ್ತ ಒಗೀಲೇನ್ರಿ?" ಅಂದ. ಕೋಣೆಯ ತುಂಬ ಹಳೆಯ ಸುಣ್ಣದ ಪುಡಿಯ ವಾಸನೆ. ಹತ್ತಿರ ಹೋಗಿ ಸೆರಗಿನಿಂದ ಒರೆಸಿದೆ. ಬೆರಳುದ್ದದ ಗಾಜಿನ ಪಟ್ಟಿ, ಎರಡೂ ತುದಿಗೆ ಒಂದೊಂದು ಚಿಟಿಕೆ ಸಿಮೆಂಟು... ಅದನ್ನು ಅಲ್ಲಿ ಹಚ್ಚಿದ್ದ ಗೌಂಡಿ ಅಜ್ಜ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಂತಾಯಿತು.

ಹಳೆಯ ಮಾತು, ಹಳಿಯಾಳದ ಈ ಮನೆಗೆ ನಾವು ಬಂದು ಆಗ ಮೂರು ವರ್ಷವಾಗಿತ್ತು. ನನ್ನ ಗಂಡ ದಿನಾ ಬಸ್ ಹಿಡಿದು ದಾಂಡೇಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಓಣಿಯದು ಎರೆಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಆ ಬೇಸಿಗೆಯಲ್ಲಿ ಹಿಂದಿನ ಕೋಣೆಯ ಕಿಟಕಿಯ ಮೂಲೆಯಿಂದ ನೆಲದ ತನಕ ಬಿರುಕು ಬಿಟ್ಟಿತು. ಮೊದಲು ಕೂದಲೆಳೆಯಷ್ಟಿತ್ತು, ಆಮೇಲೆ ನಾಣ್ಯ ತೂರುವಷ್ಟಾಯಿತು. ಅದೇ ಗೋಡೆಗೆ ಆತು ನಮ್ಮ ಅತ್ತೆಯವರ ಮಂಚವಿತ್ತು. ಸೊಂಟ ಮುರಿದುಕೊಂಡಿದ್ದ ಅವರು ಯಾರಾದರೂ ಹಿಡಿಯದೆ ಏಳುವಂತಿರಲಿಲ್ಲ. ಗೋಡೆ ಬಿದ್ದರೆ ಗತಿಯೇನು ಎಂಬ ಹೆದರಿಕೆ ನನಗೆ ಊಟ ಸೇರದಂತೆ ಮಾಡಿತ್ತು.

ತಪ್ಪಿತಸ್ಥ ಯಾರೆಂದು ಹುಡುಕಲು ನಾನು ದೂರ ಹೋಗಲಿಲ್ಲ. ಗೋಡೆಯಿಂದ ಹತ್ತು ಹೆಜ್ಜೆಗೆ, ನಾನು ಅತ್ತಿಗೆಯೆಂಬಂತೆ ವೈನಿ ಎಂದು ಕರೆಯುತ್ತಿದ್ದ ಪಕ್ಕದ ಮನೆಯವರ ನೇರಳೆ ಮರ ನಿಂತಿತ್ತು. ಬೇರು ಬುನಾದಿಗೆ ಹೊಕ್ಕಿದೆ ಎಂದು ಹಾಲಿನವನೂ ಹೇಳಿದ, ಹೂವಿನವಳೂ ಹೇಳಿದಳು. ಓಣಿಯಲ್ಲಿ ಆಗ ಎಲ್ಲರೂ ಎಂಜಿನಿಯರುಗಳೇ. ವೈನಿ ಬೆಳಗಾವಿ ಕಡೆಯಿಂದ ಸೊಸೆಯಾಗಿ ಬಂದ ವರ್ಷ ಹಿತ್ತಲಲ್ಲಿ ಕೂತು ಹಣ್ಣು ತಿಂದು ಉಗಿದ ಬೀಜ ಆ ಮರವಾಗಿತ್ತು. ಕಡಿಸಲೇಬೇಕು ಎಂದು ನಾನು ಪಟ್ಟು ಹಿಡಿದಾಗ ಅವರು ಜಗಳ ಮಾಡಲಿಲ್ಲ. "ನಿಮ್ಮ ಅತ್ತಿಯವರ ಜೀವಕ್ಕಿಂತ ಹೆಚ್ಚಲ್ಲ ತಂಗಿ. ಆದ್ರ ನಾ ತವರಿಗೆ ಹೋದಾಗ ಕಡಸ್ರಿ" ಅಂದರು, ಅಷ್ಟೇ. ಅಂದಿನಿಂದ ಕಂಪೌಂಡಿನ ಮೇಲೆ ಪಲ್ಯದ ಬಟ್ಟಲು ಓಡಾಡುವುದು ನಿಂತಿತು. ನಾನು ಗರಗಸದವನಿಗೆ ಹೇಳಿಯೂ ಬಿಟ್ಟೆ.

ಅಷ್ಟರಲ್ಲಿ ಬಿರುಕು ತುಂಬಿಸಲೆಂದು ನನ್ನ ಗಂಡ ಈ ಅಜ್ಜನನ್ನು ಕರೆತಂದರು. ವಯಸ್ಸಾಗಿ ಗೋಡೆ ಕಟ್ಟುವ ಕೆಲಸ ಬಿಟ್ಟಿದ್ದ ಗೌಂಡಿ. ಅವರು ಬಂದವರೇ ಗೋಡೆ ನೋಡಿ, "ಮೊದಲ ಅಮ್ಮಾರ ಮಂಚ ಆ ಕಡೆ ಹಾಕ್ರಿ" ಅಂದರು. ತಿಂಗಳಿಡೀ ಗೋಳಾಡಿದ ನಮಗೆ ಮಂಚ ಸರಿಸುವುದು ಹೊಳೆದೇ ಇರಲಿಲ್ಲ! ಆಮೇಲೆ ನನ್ನನ್ನು ಕೇಳಿದರು: "ಇದು ಯಾವಾಗ ಅಗಲ ಆಗತೈತಿ ಯವ್ವಾ, ಮಳ್ಯಾಗೋ ಬ್ಯಾಸಗ್ಯಾಗೋ?" ಬಿರುಕನ್ನು ನಾನು ಬರೀ ಸಿಟ್ಟಿನಿಂದ ನೋಡಿದ್ದೆ.

ಮರುದಿನ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಿಂದ ಗಾಜಿನ ಪಟ್ಟಿ ತಂದು ಬಿರುಕಿನ ಮೇಲೆ ಅಡ್ಡಲಾಗಿ ಕೂಡಿಸಿದರು. "ಇದು ಒಡದ್ರ ಗ್ವಾಡಿ ಇನ್ನೂ ಸರಿಯಾಕತ್ತೈತಿ ಅಂತ ತಿಳಕೋ. ಅಲ್ಲೀತನಕ ಗಿಡಕ್ಕ ಕೈ ಹಚ್ಚಬ್ಯಾಡ."

"ಗ್ವಾಡಿ ಬಿದ್ದಮ್ಯಾಲ ನೋಡೂಣೇನ್ರಿ ಅಜ್ಜಾರ?" ಎಂದು ನಾನು ಕೊಂಕು ನುಡಿದೆ.

ಅವರು ಚಹಾದ ಬಸಿ ಕೆಳಗಿಟ್ಟರು. ಮುಂಡಗೋಡ ಕಡೆಯ ಪಾಳಾ ಎಂಬ ಊರಲ್ಲಿ, ಹಿಂದೊಮ್ಮೆ ಒಂದು ಮನೆಯ ಬಿರುಕು ನೋಡಿ, ಮಣ್ಣು ಕೆದಕದೆಯೇ ಬೇವಿನ ಮರದ ಮೇಲೆ ತಪ್ಪು ಹೊರಿಸಿದ್ದರಂತೆ. ಮರ ಕಡಿದರು. ಅಷ್ಟು ವರ್ಷ ಅದು ಕುಡಿಯುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು, ಎರೆಮಣ್ಣು ಉಬ್ಬಿ, ಎರಡು ಮಳೆಗಾಲದಲ್ಲಿ ಮನೆಯ ನೆಲವೇ ಎದ್ದಿತು. "ನೆರಳೂ ಹೋತು, ಮನೀನೂ ಹೋತು. ಆ ಮನ್ಯಾಕಿ ನನಗ ಒಂದ ಮಾತೂ ಬಯ್ಯಲಿಲ್ಲ ನೋಡು..." ಎಂದು ಬಸಿ ಮತ್ತೆ ಕೈಗೆತ್ತಿಕೊಂಡರು. ಅಂದೇ ನಾನು ಗರಗಸದವನಿಗೆ ಸದ್ಯ ಬೇಡವೆಂದು ಹೇಳಿಕಳಿಸಿದೆ.

ಅಜ್ಜ ಪ್ರತಿ ಸಂತೆಯ ದಿನ ತಪ್ಪದೆ ಬರುತ್ತಿದ್ದರು. ಚೀಲ ಹೊಸ್ತಿಲಲ್ಲಿಟ್ಟು, ಗಾಜು ಮುಟ್ಟಿ ನೋಡಿ, ಅತ್ತೆಯವರೊಂದಿಗೆ ಎರಡು ಮಾತಾಡಿ ಹೋಗುತ್ತಿದ್ದರು. ಮೂರನೆಯ ಸಂತೆಗೆ ಮುಂಚೆಯೇ ಗಾಜು ನಡುವೆ ಸೀಳಿತು. ನನಗೆ ಹೆದರಿಕೆಗಿಂತ ಗೆದ್ದೆನೆಂಬ ಖುಷಿಯೇ ಹೆಚ್ಚಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಇನ್ನೇನು, ಮರದ ಕಥೆ ಮುಗಿಯಿತು ಅಂದುಕೊಂಡೆ.

ಅಜ್ಜ ಹಾರೆ ತಂದು ಗೋಡೆಯ ಮೂಲೆಗೆ ಮೊಣಕಾಲುದ್ದ ಗುಂಡಿ ತೆಗೆದರು. ಸುತ್ತಲಿನ ನೆಲ ಬಿಸಿಲಿಗೆ ಬಾಯಿಬಿಟ್ಟಿತ್ತು. ಗುಂಡಿಯೊಳಗಿನ ಮಣ್ಣು ಮಾತ್ರ ಮುದ್ದೆಯಂತೆ ಹಸಿ. ನಮ್ಮ ಬಚ್ಚಲಿನ ಪೈಪು ಜೋಡಣೆಯಲ್ಲಿ ಬಿಟ್ಟುಕೊಂಡು, ಮಿಂದ ನೀರೆಲ್ಲ ಅಲ್ಲೇ ಇಂಗುತ್ತಿತ್ತು. ಅದರ ಸುತ್ತ ದಾರದೆಳೆಯಂಥ ಬೇರುಗಳು. ದಪ್ಪನೆಯ ಒಂದು ಬೇರೂ ಬುನಾದಿಯ ಕೆಳಗೆ ಇರಲಿಲ್ಲ.

"ಗಿಡ ನಿನ್ನ ಮನಿ ಕೆಡವಾಕ ಬಂದಿಲ್ಲವ್ವಾ, ನಿನ್ನ ಬಚ್ಚಲ ನೀರ ಕುಡ್ಯಾಕ ಬಂದೈತಿ. ಒಂದ ಮೂಲಿ ಹಸಿ ಇದ್ದು ಉಳಿದದ್ದು ಒಣಗಿದ್ರ ಗ್ವಾಡಿ ಸೀಳದ ಏನ ಮಾಡೀತು?"

ನೆಲ ಬಾಯಿ ತೆರೆದು ನನ್ನನ್ನು ನುಂಗಬಾರದೇ ಅನಿಸಿತು. ವೈನಿಗೆ ನೀವೇ ಹೇಳಿ ಎಂದು ಬೇಡಿಕೊಂಡೆ. ಅವರು ಕೈ ತೊಳೆಯುತ್ತ, "ದೂರು ಹೇಳಾಕ ನೀನ ಹೋಗಿದ್ದಿ, ಇದನ್ನೂ ನೀನ ಹೇಳು" ಅಂದರು. ಹೋದೆ. ಏನು ಹೇಳಿದೆನೋ ನೆನಪಿಲ್ಲ, ಅತ್ತದ್ದು ನೆನಪಿದೆ... ವೈನಿ ನಗುತ್ತ ಒಂದು ಬಟ್ಟಲು ನೇರಳೆ ಹಣ್ಣು ಕೈಗಿಟ್ಟರು.

ಪೈಪು ಬದಲಾಯಿತು. ನೀರು ಮನೆಯಿಂದ ದೂರ ಹೋಗುವಂತಾಯಿತು. ಬೇಸಿಗೆಯಲ್ಲಿ ಮರವೂ ಸ್ವಲ್ಪ ನೀರು ಎಳೆಯುತ್ತದೆ ಎಂದು ನಮ್ಮ ಕಡೆಯ ಟೊಂಗೆಗಳನ್ನಷ್ಟೇ ಸವರಿಸಿದರು. ಕೊನೆಗೆ ಬಿರುಕಿನ ಮೇಲೆ ಹೊಸ ಗಾಜು ಹಚ್ಚಿದರು. "ಒಂದು ಮಳಿಗಾಲ, ಒಂದು ಬ್ಯಾಸಗಿ ದಾಟಲಿ. ಆಮ್ಯಾಲ ಮೊದಲ ಮಳಿ ಬಿದ್ದ ದಿನ ನಾನ ಬಂದು ನೋಡತೇನಿ. ಒಡೀಲಿಲ್ಲ ಅಂದ್ರ ನಿನ್ನ ಮನೀನೂ ಉಳೀತು, ಆಕಿ ಗಿಡಾನೂ ಉಳೀತು."

ಆ ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ನಾಲ್ಕು ದಿನದ ಜ್ವರ. ನಮಗೆ ಸುದ್ದಿ ಮುಟ್ಟಿದ್ದು ಸಂತೆಯ ದಿನ, ಅವರ ಚಹಾಕ್ಕೆ ನೀರಿಟ್ಟಾಗ. ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ದಿನ ನಾನೂ ವೈನಿಯೂ ಗೋಡೆಯ ಮುಂದೆ ನಿಂತೆವು. ಗಾಜಿನ ಮೇಲೆ ಬೆರಳಾಡಿಸಿದೆ. ಎಲ್ಲಿಯೂ ಸೀಳಿರಲಿಲ್ಲ. ಇಬ್ಬರಿಗೂ ಹೇಳಲಾಗದಷ್ಟು ಸಂತೋಷವಾಗಿತ್ತು, ಆದರೆ ಅದನ್ನು ಮೊದಲು ಕೇಳಬೇಕಾದವರೇ ಇರಲಿಲ್ಲ.

ಪೇಂಟರ್ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. ಕೀಳಬೇಡ, ಸುತ್ತ ಬಣ್ಣ ಹಚ್ಚು ಅಂದೆ. ಕಿಟಕಿಯಾಚೆ ನೇರಳೆ ಮರದಡಿ ವೈನಿ ಹಣ್ಣು ಆರಿಸುತ್ತಿದ್ದರು, ಒಂದು ಬಟ್ಟಲು ಅವರಿಗೆ, ಒಂದು ನಮಗೆ. ಅವನು ಬಣ್ಣ ಕಲಸಲು ಹೊರಗೆ ಹೋದ ಮೇಲೆ ಗೋಡೆಗೆ ಮುಖ ಮಾಡಿ ಮೆಲ್ಲಗೆ ಹೇಳಿದೆ:

"ಅಜ್ಜಾರ, ಒಡದಿಲ್ರಿ."