ಆನೆ ನೋಡಲು ಯಾವ ಪುಸ್ತಕ?

ತಿತಿಮತಿಯಲ್ಲಿ ಮೂವತ್ತು ವರ್ಷ ಬಾಳಿದ ಮನುಷ್ಯನೊಬ್ಬ ನಾಗರಹೊಳೆಯ ಗೈಡ್‌ಬುಕ್ ಹುಡುಕಿಕೊಂಡು ಗೋಣಿಕೊಪ್ಪಲಿಗೆ ಬಸ್ಸು ಹತ್ತಿದ ಎಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ. ನಮ್ಮ ಎಸ್ಟೇಟಿನ ಲೈನ್ ಮನೆಗಳವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ. ನನ್ನ ಹಿತ್ತಲ ಬೇಲಿಯಿಂದ ಒಂದು ಕೂಗಳತೆ ದೂರಕ್ಕೆ ಕಾಡು ಶುರುವಾಗುತ್ತದೆ. ನಮ್ಮ ಯಾವ ಹಲಸಿನ ಮರ ಯಾವ ತಿಂಗಳು ಹಣ್ಣಾಗುತ್ತದೆ ಎಂಬುದು ಅಲ್ಲಿಯ ಆನೆಗಳಿಗೆ ಯಾವ ಪುಸ್ತಕದ ಸಹಾಯವೂ ಇಲ್ಲದೆ ಗೊತ್ತು. ಪುಸ್ತಕ ಬೇಕಾದದ್ದು ನನಗೆ ಮಾತ್ರ.

ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ರೈಟರ್ ಎಂದರೆ ಕಾದಂಬರಿ ಬರೆಯುವವನೆಂದು ತಿಳಿಯಬೇಡಿ. ಕಾಫಿ ಹಣ್ಣು ಕೊಯ್ಯುವ ಪಿಕಿಂಗಿಗೆ ಯಾರು ಬಂದರು, ಯಾರು ಬರಲಿಲ್ಲ ಎಂದು ಹಾಜರಿ ಬರೆಯುವವನು. ಬೆಳಗ್ಗೆ ಜನರ ಹಾಜರಿಗಿಂತ ಮೊದಲು ಆನೆಗಳ ಹಾಜರಿ ಆಗಬೇಕು. ಯಾವ ಕಡೆ ನಿಂತಿವೆ, ಎಷ್ಟು ನಿಂತಿವೆ ಎಂದು ವಿಚಾರಿಸಿ, ಆ ಕಡೆಗೆ ಯಾರೂ ಹೋಗದ ಹಾಗೆ ನೋಡಿಕೊಳ್ಳಬೇಕು. ಅಷ್ಟಾಗಿಯೂ ಒಂದು ಎದುರಾದರೆ ತಗಡು ಬಡಿದು, ಹೋ ಹೋ ಎಂದು ಕೂಗಿ ಕಾಡಿನ ಕಡೆಗೆ ತಿರುಗಿಸಬೇಕು. ನನ್ನ ಗಂಟಲು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಎಂದು ಎಸ್ಟೇಟಿನಲ್ಲಿ ಹೆಸರಿತ್ತು. ಒಟ್ಟಿನಲ್ಲಿ ಜೀವಮಾನದಲ್ಲಿ ನಾನು ಕಲಿತ ವಿದ್ಯೆ ಒಂದೇ, ಆನೆ ಕಾಣದ ಹಾಗೆ ನೋಡಿಕೊಳ್ಳುವುದು.

ಅಂಥವನನ್ನು ಹೆಂಡತಿ ಸರೋಜ ಒಂದು ದಿನ ಕೇಳಿದಳು: "ರೀ, ನಂಗೊಂದ್ಸಲ ಆನೆ ತೋರಿಸ್ತೀರಾ?"

ಇದರ ಹಿಂದೆ ಒಂದು ಕಥೆಯಿದೆ. ಸರೋಜ ಕುಶಾಲನಗರದ ಕಡೆಯವಳು. ಅವಳ ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ಅಲ್ಲಿ ನೆಲೆಯಾದ ರೈತರ ಮನೆ. ಮದುವೆಗೆ ಮುಂಚೆ ಅವಳ ಪಾಲಿಗೆ ಆನೆ ಎಂದರೆ ಮೈತುಂಬ ಬಣ್ಣ ಬರೆಸಿಕೊಂಡು ಹೋಗುವ ದಸರಾ ಆನೆ. ನನ್ನ ಕೈ ಹಿಡಿದು ಇಲ್ಲಿಗೆ ಬಂದ ಮೇಲೆ ಆನೆ ಎಂದರೆ ಸೆರಗು ಸಿಕ್ಕಿಸಿಕೊಂಡು ಓಡುವುದು ಎಂದಾಯಿತು. ಒಂದು ಬೆಳಗ್ಗೆ ನನಗೆ ಕಾಫಿಯ ಫ್ಲಾಸ್ಕ್ ತರುತ್ತಿದ್ದಾಗ ದಾರಿಯ ಪಕ್ಕದ ಕಾಫಿ ಗಿಡಗಳ ನಡುವೆ ಒಂದು ನಿಂತಿತ್ತು. ಫ್ಲಾಸ್ಕ್ ಒಂದು ಕಡೆ, ಚಪ್ಪಲಿ ಒಂದು ಕಡೆ ಬಿಟ್ಟು ಓಡಿ ಬಂದಳು. ಅಂದಿನಿಂದ ಅವಳು ಒಬ್ಬಳೇ ಅಂಗಳ ದಾಟಿದವಳಲ್ಲ. ಮೂವತ್ತು ವರ್ಷಗಳಲ್ಲಿ ಅವಳು ಕಂಡದ್ದು ಎಲೆಗಳ ನಡುವೆ ಒಂದು ಕಿವಿ, ಬಿದಿರಿನ ಹಿಂದೆ ಒಂದು ಬಾಲ, ಓಡುವಾಗ ಕಣ್ಣಂಚಿನಲ್ಲಿ ಒಂದಿಷ್ಟು ಬೂದು ಬಣ್ಣ. ಆನೆ ಮುಟ್ಟಿದ ಕುರುಡರ ಕಥೆ ನಿಮಗೆ ಗೊತ್ತು. ಕಣ್ಣಿದ್ದೂ ಇಡೀ ಆನೆ ಕಾಣದವರು ನಾವು.

ಹೋದ ವರ್ಷ ಅವಳ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ದಿನಾ ಸ್ವಲ್ಪ ನಡೆಯಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಡಾಕ್ಟರಿಗೆ ತಿತಿಮತಿಯ ದಾರಿ ಗೊತ್ತಿಲ್ಲ, ಪಾಪ. ಅವಳು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದು, ಡಾಕ್ಟರ ಮಾತು ನಡೆಸಿದೆ ಎಂದು ಸಮಾಧಾನ ಮಾಡಿಕೊಂಡಳು. ಆಮೇಲೊಂದು ದಿನ ಅಲ್ಲೇ ಕೂತು ಹೇಳಿದಳು: "ಹೊಸ ಕಣ್ಣು ಬಂದೈತೆ. ಆನೆ ಮುಖ ಒಂದ್ಸಲ ನೆಟ್ಟಗೆ, ಓಡದೆ ನೋಡಿಬಿಟ್ರೆ ನನ್ನ ಹೆದರಿಕೆ ಹೋಗ್ತದೋ ಏನೋ. ಹಿಂಗೇ ಜಗಲೀಲೇ ಮುದುಕಿಯಾಗೋಕೆ ನಂಗಿಷ್ಟ ಇಲ್ಲ ಕಣ್ರೀ."

ಸಫಾರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ. ನನ್ನ ಸ್ವಭಾವ ಏನೆಂದರೆ, ಯಾವ ಕೆಲಸಕ್ಕೂ ಮೊದಲು ಅದರ ಬಗ್ಗೆ ಒಂದು ಪುಸ್ತಕ ಓದಬೇಕು. ಮದುವೆಗೆ ಮುಂಚೆ ದಾಂಪತ್ಯದ ಬಗ್ಗೆಯೂ ಒಂದು ಓದಿದ್ದೆ. ಅದರಿಂದ ಏನು ಉಪಯೋಗವಾಯಿತು ಎಂದು ಸರೋಜಳನ್ನು ಕೇಳಬೇಡಿ.

ಹಾಗೆ ಇಬ್ಬರೂ ಗೋಣಿಕೊಪ್ಪಲಿನ ಪುಸ್ತಕದಂಗಡಿಗೆ ಹೋದೆವು. ಅಂಗಡಿಯ ಹಂಸಣ್ಣ ಹಳೆಯ ಪರಿಚಯ. ಮನೆಮಾತು ಮಲಯಾಳ, ವ್ಯಾಪಾರದ ಮಾತು ಕನ್ನಡ, ಗಿರಾಕಿ ಚೌಕಾಶಿ ಮಾಡಿದರೆ ಮಾತ್ರ ಯಾವ ಭಾಷೆಯೂ ಅರ್ಥವಾಗುವುದಿಲ್ಲ. ಅವರು ಮೂರು ಪುಸ್ತಕ ತಂದು ಎದುರಿಗಿಟ್ಟರು.

ಮೊದಲನೆಯದನ್ನು ಎತ್ತಲು ಎರಡು ಕೈ ಬೇಕು. ನುಣುಪಾದ ಕಾಗದ, ಪುಟಪುಟಕ್ಕೂ ಹುಲಿ. "ಇದು ತಗೊಳ್ಳಿ ರೈಟರೇ, ಟೂರಿಸ್ಟ್ ಜನ ಇದೇ ಕೇಳುದು," ಎಂದರು ಹಂಸಣ್ಣ. ಆನೆ ನೋಡಲು ಬೆಳಗಿನ ಜಾವ ಮತ್ತು ಸಂಜೆ ಪ್ರಶಸ್ತವೆಂದೂ, ನೀರು ಮತ್ತು ಬಿದಿರು ಇರುವ ಜಾಗ ಉತ್ತಮವೆಂದೂ ಅದರಲ್ಲಿ ಬರೆದಿತ್ತು. ಸರೋಜ ಓದಿ ನನ್ನ ಮುಖ ನೋಡಿದಳು. "ಇದು ನಮ್ಗೆ ಗೊತ್ತಿರೋದೇ ಅಲ್ವಾ? ಆ ಹೊತ್ತಿಗೆ ಅಲ್ಲಿಗೆ ಹೋಗಬಾರ್ದು ಅಂತ!" ನಿಜ. ಅದೇ ವಾಕ್ಯವನ್ನು ನಾನು ಮೂವತ್ತು ವರ್ಷ ಕೆಲಸದವರಿಗೆ ಹೇಳಿದ್ದೇನೆ, ಕೊನೆಗೊಂದು 'ಜೋಕೆ' ಸೇರಿಸಿಕೊಂಡು.

ಎರಡನೆಯದು ಹಕ್ಕಿಗಳ ಪುಸ್ತಕ. ಲೇಖಕರು ಸಜ್ಜನರು; ಒಂದೊಂದು ಹಕ್ಕಿಗೂ ನಾಲಿಗೆ ತೊಡರುವಂಥ ಶಾಸ್ತ್ರೀಯ ನಾಮಕರಣ. ಸರೋಜಳಿಗೆ ಅವರ ಮೇಲೆ ಕನಿಕರ ಬಂತು. "ಇಡೀ ಕಾಡು ಮೇಲೆ ನೋಡ್ಕೊಂಡೇ ನಡೆದವ್ರೆ, ಪಾಪ. ಎದುರಿಗೆ ಏನಾದ್ರೂ ಬಂದಿದ್ರೆ?" ಎಂದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ದಾರಿ ತೋರಿಸುವ ಪುಸ್ತಕ ನಮ್ಮವರಿಗೆ ಹೊಸದಲ್ಲ. ಒಂದೊಂದು ಕ್ಷೇತ್ರಕ್ಕೂ ಒಂದೊಂದು ಸ್ಥಳಪುರಾಣ ಬರೆದಿಟ್ಟವರು ನಾವು. ಯಾವ ತೀರ್ಥದಲ್ಲಿ ಮುಳುಗಿದರೆ ಎಷ್ಟು ಜನ್ಮದ ಪಾಪ ಹೋಗುತ್ತದೆ ಎಂದು ಅದರಲ್ಲಿ ಸಿಗುತ್ತದೆ. ಆ ತೀರ್ಥದಲ್ಲಿ ಜಾರಿಕೆ ಎಷ್ಟಿದೆ ಎಂಬುದು ಸಿಗುವುದಿಲ್ಲ. ಆನೆಯ ವಿಷಯದಲ್ಲಿ ನಮ್ಮ ಹಿರಿಯರು ಇನ್ನೂ ಉದಾರಿಗಳು. ಸುಂದರಿಯನ್ನು ಗಜಗಮನೆ ಎಂದು ಕರೆದರು. ಹಾಗೆ ಬರೆದ ಕವಿ ಆನೆಯನ್ನು ಅರಮನೆಯ ಉಪ್ಪರಿಗೆಯಿಂದ ನೋಡಿರಬೇಕು. ಎಸ್ಟೇಟಿನ ಕಾಲುದಾರಿಯಲ್ಲಿ ಎದುರಿನಿಂದ ಬರುವುದನ್ನು ನೋಡಿದ್ದರೆ ಯಾವ ಹೆಣ್ಣುಮಗಳಿಗೂ ಆ ಮಾತು ಹೇಳುತ್ತಿರಲಿಲ್ಲ.

ಮೂರನೆಯದು ತೆಳ್ಳನೆಯ ಕನ್ನಡ ಪುಸ್ತಿಕೆ. ಬಿಸಿಲಿಗೆ ಮುಖಪುಟ ಮಾಸಿತ್ತು. ಅದನ್ನು ಬರೆದ ಪುಣ್ಯಾತ್ಮ ತಾನು ಎಷ್ಟೋ ಸಲ ಕಾಡಿಗೆ ಹೋಗಿ ಏನನ್ನೂ ಕಾಣದೆ ಬಂದೆನೆಂದೂ, ಪ್ರಾಣಿಗಳು ಕಂಡರೆ ಕಂಡವು, ಇಲ್ಲದಿದ್ದರೆ ಇಲ್ಲವೆಂದೂ ಮೊದಲ ಪುಟದಲ್ಲೇ ಒಪ್ಪಿಕೊಂಡಿದ್ದ. "ಇದೇ ಇರ್ಲಿ. ಈಯಪ್ಪ ಸುಳ್ಳು ಹೇಳಲ್ಲ," ಎಂದಳು ಸರೋಜ. ಹಂಸಣ್ಣನಿಗೆ ಸ್ವಲ್ಪ ಬೇಸರವಾಯಿತು. ಆದರೂ ಪುಸ್ತಕದ ಧೂಳು ಒರೆಸಿಯೇ ಕೊಟ್ಟರು.

ಆ ಪುಸ್ತಕದ ಕೊನೆಯಲ್ಲಿ ಸಂದರ್ಶಕರಿಗೆ ಸೂಚನೆಗಳಿದ್ದವು. ಶಬ್ದ ಮಾಡಬಾರದು, ಏಳಬಾರದು, ಕೈ ಹೊರಗೆ ಹಾಕಬಾರದು. ನಾನು ಅದಕ್ಕೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಒಂದು ವಾರ ಸರೋಜಳಿಗೆ ಪಾಠ ಮಾಡಿದೆ. ಹೊರಡುವ ದಿನ ಬೆಳಗ್ಗೆ ಬಾಯಿಪಾಠ ಒಪ್ಪಿಸಲು ಹೇಳಿದೆ. ಒಪ್ಪಿಸಿದಳು.

ಸಫಾರಿ ವ್ಯಾನಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಪಕ್ಕದಲ್ಲಿ ನಾನು. ನಮ್ಮ ಹಿಂದೆ ಮೈಸೂರಿನ ಒಬ್ಬರು, ಮೊಣಕೈಯಷ್ಟು ಉದ್ದದ ಕ್ಯಾಮೆರಾ ಹಿಡಿದುಕೊಂಡು. ಮುಂದೆ ಮದುವೆಯಾಗಿ ತಿಂಗಳೂ ಆಗಿರದ ಒಂದು ಜೋಡಿ. ಅವರಿಗೆ ಯಾವ ಪ್ರಾಣಿ ಕಂಡರೂ ಕಾಣದಿದ್ದರೂ ಒಂದೇ. ಜಿಂಕೆಗಳು ಸಿಕ್ಕವು, ಒಂದು ನವಿಲು ಸಿಕ್ಕಿತು. ನಾನು ಪುಸ್ತಕ ತೆರೆದು ಒಂದೊಂದನ್ನೂ ಟಿಕ್ ಮಾಡಿದೆ. ಸರೋಜ ಬಿದಿರಿನ ಕಡೆಯಿಂದ ಕಣ್ಣು ಕೀಳಲೇ ಇಲ್ಲ.

ಒಂದು ತಿರುವಿನಲ್ಲಿ ಡ್ರೈವರ್ ವ್ಯಾನು ನಿಲ್ಲಿಸಿದ. ಬಿದಿರು ಸರಿದಾಡಿತು. ಸರೋಜಳ ಕಿಟಕಿಯ ನೇರಕ್ಕೆ, ನಾಲ್ಕು ಮಾರು ದೂರದಲ್ಲಿ, ಒಂದು ದೊಡ್ಡ ಸಲಗ ಹೊರಗೆ ಬಂದು ನಿಂತಿತು. ಹಿಂದಿನಿಂದ ಮೈಸೂರಿನವರ ಕ್ಯಾಮೆರಾ ಮೇಲೆದ್ದಿತು.

ಆಮೇಲೆ ಆದದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನನ್ನ ಬಲಗೈ ಸರೋಜಳ ಮುಖದ ಮುಂದಿನಿಂದ ಹಾದು ಕಿಟಕಿಯ ಹೊರಗೆ ಹೋಗಿ ವ್ಯಾನಿನ ತಗಡನ್ನು ಧಡಧಡ ಬಡಿಯಿತು. ಗಂಟಲು ತನ್ನಷ್ಟಕ್ಕೆ ತಾನೇ ಎಸ್ಟೇಟಿನ ಅಷ್ಟೂ ಬಲದಿಂದ "ಹೋ... ಹೋ... ನಡಿ, ನಡಿ" ಎಂದು ಕೂಗಿತು. ಸಲಗ ಒಮ್ಮೆ ಕಿವಿ ಬೀಸಿ ತಿರುಗಿ ಬಿದಿರಿನೊಳಗೆ ಹೋಯಿತು. ನಮ್ಮ ತೋಟಕ್ಕೆ ಬಂದು ಹೋಗುವ ಗಿರಾಕಿಯೇ ಇರಬೇಕು, ದನಿಯ ಗುರುತು ಸಿಕ್ಕಿತೇನೋ. ಇತ್ತ ಸರೋಜ ಚಪ್ಪಲಿ ಕೈಗೆ ತೆಗೆದುಕೊಂಡು, ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಿದ್ದಳು, ಓಡಲು. ಕಣ್ಣು ಬಿಗಿಯಾಗಿ ಮುಚ್ಚಿದ್ದವು.

ಡ್ರೈವರ್ ಹಿಂದಕ್ಕೆ ತಿರುಗಿದ. "ಎಂಥ ಸಾರ್ ನೀವು? ಆನೆ ನೋಡ್ಲಿಕ್ಕೆ ಬಂದು ಆನೆ ಓಡಿಸುದಾ? ಎಸ್ಟೇಟಿನವರಾ?"

"ಹೌದಪ್ಪ. ತಿತಿಮತಿ."

"ಹಾಗೆ ಹೇಳಿ ಮತ್ತೆ. ಕೈ ಒಳಗೆ ಇಟ್ಕೊಳ್ಳಿ ಸಾರ್, ಇಲ್ಲಿ ನಿಮ್ಮ ಕಾಫಿ ಇಲ್ಲ."

ಜನ ನಕ್ಕರು. ಮೈಸೂರಿನವರು ಮಾತ್ರ ನಗಲಿಲ್ಲ. ಅವರ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಬಿದ್ದದ್ದು ನನ್ನ ಅಂಗೈ. ಸರೋಜ ಚಪ್ಪಲಿ ಹಾಕಿಕೊಂಡು ಕೂತಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೂವತ್ತು ವರ್ಷ ಅವಳಿಗೆ ಆನೆ ಕಾಣದ ಹಾಗೆ ನೋಡಿಕೊಂಡ ಮನುಷ್ಯ, ಕಾಣಬೇಕು ಎಂದು ಕೇಳಿದ ದಿನವೂ ಅದನ್ನೇ ಮಾಡಿದ್ದೆ. ಕೆಂಪು ಗೆರೆ ಎಳೆದ ಪುಸ್ತಕ ಕಾಲಬುಡದಲ್ಲಿ ಬಿದ್ದಿತ್ತು.

ಡ್ರೈವರ್ ಒಳ್ಳೆಯವನು. ಗೇಟಿನ ಕಡೆಗೆ ಹಿಂದಿರುಗುವಾಗ ದಾರಿಯಲ್ಲಿದ್ದ ಕೆರೆಯ ಪಕ್ಕ ನಿಧಾನ ಮಾಡಿದ. "ಅಮ್ಮಾ, ಈ ಕಡೆ ನೋಡಿ. ಸಾರ್, ನೀವು ಬೇಕಾದ್ರೆ ಕಣ್ಣು ಮುಚ್ಚಿ," ಎಂದ. ದಡದಲ್ಲಿ ಒಂದು ಹೆಣ್ಣಾನೆ ನಿಂತಿತ್ತು, ಹೊಟ್ಟೆಯ ಕೆಳಗೆ ಮರಿ. ಮತ್ತೆ ಅವಳ ಕಿಟಕಿಯ ಕಡೆಗೇ, ಸಲಗ ನಿಂತಿದ್ದಷ್ಟೇ ಹತ್ತಿರ.

ನನ್ನ ಕೈ ಏಳುವ ಮೊದಲೇ ಸರೋಜ ನನ್ನ ಎರಡೂ ಕೈಗಳನ್ನು ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು. ಬಿಗಿಯಾದ ಹಿಡಿತ. ವ್ಯಾನಿನವರೆಲ್ಲ ಆನೆಯನ್ನೂ ನನ್ನನ್ನೂ ಸರದಿಯ ಮೇಲೆ ನೋಡುತ್ತಿದ್ದರು. ನಾನು ಆನೆಗಿಂತ ಹೆಚ್ಚು ಸರೋಜಳನ್ನೇ ನೋಡಿದೆ. ಅವಳ ಕಣ್ಣು ತೆರೆದಿದ್ದವು. ಆನೆ ಮೈಮೇಲೆ ಕೆಸರು ಎರಚಿಕೊಂಡಿತು, ಮರಿಯನ್ನು ಸೊಂಡಿಲಿನಿಂದ ಸರಿಸಿತು, ಒಂದು ಸಲ ನಮ್ಮ ಕಡೆಗೆ ಮುಖ ತಿರುಗಿಸಿ ನಿಂತಿತು. ಸ್ವಲ್ಪ ಹೊತ್ತಿಗೆ ನನ್ನ ಕೈಗಳ ಮೇಲಿನ ಹಿಡಿತ ಸಡಿಲವಾಯಿತು. ನಾನು ಕೈ ತೆಗೆಯಲಿಲ್ಲ.

ಊರಿಗೆ ಬರುವ ಬಸ್ಸಿನಲ್ಲಿ ಅವಳು ಹೇಳಿದಳು: "ಅದಕ್ಕೆ ರೆಪ್ಪೆ ಐತೆ ಕಣ್ರೀ. ಉದ್ದುದ್ದ ರೆಪ್ಪೆ. ನಮ್ಮನ್ನ ನೋಡ್ತಾ ಎರಡ್ಸಲ ಮಿಟುಕಿಸ್ತು."

ನಾನು ಪುಸ್ತಕ ತೆಗೆದು ಆನೆಯ ಪುಟ ನೋಡಿದೆ. ತೂಕ, ಆಹಾರ, ಹಲ್ಲು, ದಂತ, ಎಲ್ಲ ಇತ್ತು. ರೆಪ್ಪೆ ಇರಲಿಲ್ಲ. ಮುಂದಿನ ವಾರ ಗೋಣಿಕೊಪ್ಪಲಿಗೆ ಹೋದಾಗ ಹಂಸಣ್ಣನ ಅಂಗಡಿಯಲ್ಲಿ ನಿಂತುಕೊಂಡೇ ಉಳಿದೆರಡನ್ನೂ ತಿರುವಿದೆ. "ಎಂಥ ಹುಡುಕುದು ರೈಟರೇ?" ಎಂದರು. "ಆನೆಯ ರೆಪ್ಪೆ," ಎಂದೆ. ಅವರು ನನ್ನ ಆರೋಗ್ಯ ವಿಚಾರಿಸಿದರು. ಆ ಪುಸ್ತಕಗಳಲ್ಲೂ ಇರಲಿಲ್ಲ. ಅವುಗಳನ್ನು ಬರೆದವರನ್ನು ದೂರುವ ಮುಖ ನನಗಿಲ್ಲ. ಎಷ್ಟು ಆನೆ ಬಂದವು, ಯಾವ ಕಡೆ ಬಂದವು ಎಂದು ಮೂವತ್ತು ವರ್ಷ ಬರೆದಿಟ್ಟ ಈ ರೈಟರ್ ಒಂದು ಆನೆಯ ಕಣ್ಣನ್ನೂ ನೋಡಿರಲಿಲ್ಲ.

ಆನೆಗಳು ಈಗಲೂ ಹಲಸಿಗೆ ಬರುತ್ತವೆ. ನಾವು ಈಗಲೂ ಒಳಗೆ ಓಡುತ್ತೇವೆ. ಅಷ್ಟು ಬುದ್ಧಿ ಇಬ್ಬರಿಗೂ ಇದೆ. ಎಸ್ಟೇಟಿನ ಗೇಟಿನವರೆಗೆ ಈಗ ಅವಳು ಒಬ್ಬಳೇ ಹೋಗಿ ಬರುತ್ತಾಳೆ, ಅದರಾಚೆಗೆ ನಾನೂ ಬೇಕು. ಆದರೆ ಮೊನ್ನೆ ಸಂಜೆ ಒಂದು ಆನೆ ಹಿತ್ತಲಿಗೆ ಬಂದಾಗ, ನಾನು ಅವಳನ್ನು ಎಳೆದುಕೊಂಡು ಒಳಗೆ ಬಂದು ಬಾಗಿಲು ಹಾಕಲು ಹೋದರೆ, "ಒಂದು ಚೂರು ಇರಿ," ಎಂದು ಸಂದಿಯಲ್ಲಿ ಮುಖವಿಟ್ಟು ನಿಂತುಬಿಟ್ಟಳು. ನಾನು ಚಿಲಕ ಹಿಡಿದುಕೊಂಡು ಅವಳ ಹಿಂದೆ ನಿಂತೆ. ನಮ್ಮ ಮನೆಯಲ್ಲಿ ಆಗ ಹೆದರುತ್ತಿದ್ದವನು ನಾನೊಬ್ಬನೇ.