ಎರಡಿಂಚಮ್ಮ ಆರಿಸಿದ ಸೈಕಲ್

ಆ ಬೀದಿಯಲ್ಲಿ ಅವರನ್ನು ನಿಜವಾದ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಎರಡಿಂಚಮ್ಮ. ಶಾಲೆಯ ಸಮವಸ್ತ್ರ ಹೊಲಿಯುವುದು ಅವರ ಕಸುಬು. ಮಗುವಿನ ಅಳತೆ ತೆಗೆದು, ಟೇಪನ್ನು ಕೊರಳಿಗೆ ಹಾಕಿಕೊಂಡು, ಯಾರು ಕೇಳಲಿ ಬಿಡಲಿ, ಎರಡಿಂಚು ಸೇರಿಸಿಯೇ ಬಟ್ಟೆಗೆ ಕತ್ತರಿ ಹಾಕುವರು. "ಬೆಳೆಯೋ ಮಕ್ಕಳು ಕಣ್ರೀ! ಇವತ್ತಿನ ಅಳತೆಗೆ ಹೊಲಿದ್ರೆ ನಾಳೆ ಏನು ಹಾಕ್ತೀರಾ?" ಎಂಬುದು ಅವರ ಪ್ರಶ್ನೆ. ತೋಳಿನಲ್ಲೊಂದು ಮಡಿಕೆ, ಅಂಚಿನಲ್ಲಿ ಇನ್ನೊಂದು. ಅವರು ಹೊಲಿದ ಅಂಗಿ ತೊಟ್ಟ ಮಕ್ಕಳು ಶಾಲೆ ಶುರುವಾಗುವ ದಿನ ಅಣ್ಣನ ಬಟ್ಟೆ ಕದ್ದು ಹಾಕಿಕೊಂಡವರ ಹಾಗೆ ಕಾಣುತ್ತಿದ್ದದ್ದು ನಿಜ. ತಾಯಂದಿರು ಮಾತ್ರ ಹೊಗಳಿದ್ದೇ ಹೊಗಳಿದ್ದು. ಅವರಿಗೇನು, ತೊಟ್ಟುಕೊಂಡು ಓಡಾಡುವವರು ಅವರಲ್ಲವಲ್ಲ!

ಅಂಗಡಿ ಕೆಳಗೆ, ಮಗಳ ಸಂಸಾರ ಮೇಲಿನ ಮಹಡಿಯಲ್ಲಿ. ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹಚ್ಚುವುದು, ಗುಂಡಿ ತೂರಿಸುವ ಕಾಜ ಹೊಲಿಯುವುದು ಅವರ ಯಜಮಾನರ ಪಾಲಿನ ಕೆಲಸ. ಇನ್ನೂ ಮೂರು ತುಂಬದ ಮೊಮ್ಮಗಳಿಗೆ 'ಗುಂಡಿ' ಎಂದು ಹೆಸರಿಟ್ಟವರೂ ಅವರೇ. ಮೊನ್ನೆ ಮೊನ್ನೆ ಅವಳಿಗೊಬ್ಬ ತಮ್ಮ ಹುಟ್ಟಿದಾಗ ಅವನನ್ನು 'ಕಾಜ' ಎಂದರು. "ಗುಂಡಿ ಇದ್ಮೇಲೆ ಕಾಜ ಬೇಡ್ವೇನ್ರೀ?" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿ, ಎಲ್ಲರಿಗಿಂತ ಮೊದಲು ತಾವೇ ನಗುವರು.

ಆದರೆ ಕಾಜ ಬಂದ ದಿನದಿಂದ ಗುಂಡಿ ನೆಲಕ್ಕೆ ಕಾಲಿಡುವುದನ್ನೇ ಬಿಟ್ಟುಬಿಟ್ಟಳು. ಅಲ್ಲಿಯವರೆಗೆ ಹಿಡಿಯಲು ನಾಲ್ಕು ಜನ ಸಾಲದ ಹುಡುಗಿ ಅವಳು. ಈಗ ಬಾಯಿ ಬಿಟ್ಟರೆ ಒಂದೇ ಮಾತು: "ಎತ್ಕೋ." ಇಳಿಸಿದರೆ ಕಾಲು ಮಡಚಿಕೊಂಡು ಕುಸಿಯುವಳು. ಇಲ್ಲವೇ ತಮ್ಮನ ಹಾಗೆ ಅಂಗಾತ ಮಲಗಿ ಗಾಳಿಯಲ್ಲಿ ಕೈಕಾಲು ಆಡಿಸುವಳು. ಮಕ್ಕಳ ಡಾಕ್ಟರು ಕಾಲನ್ನು ಅತ್ತಿತ್ತ ಆಡಿಸಿ ನೋಡಿ, ಏನೂ ತೊಂದರೆಯಿಲ್ಲ, ತಾನಾಗಿ ಸರಿಹೋಗುತ್ತಾಳೆ ಎಂದು ಕಳಿಸಿದರು. ಮಗು ನೋಡಲು ಬಂದವರಂತೂ ಒಬ್ಬರಾದರೂ ಸುಮ್ಮನಿರಬೇಕಲ್ಲ! "ಏನೇ, ನೀನೀಗ ಅಕ್ಕ! ದೊಡ್ಡೋಳಾಗ್ಬಿಟ್ಟೆ! ದೊಡ್ಡೋರು ಹೀಗೆ ಎತ್ಕೊಂಡಿರ್ತಾರಾ?" ಅವರು ಹೇಳಿದಷ್ಟೂ ಗುಂಡಿ ಅಜ್ಜಿಯ ಕೊರಳನ್ನು ಬಿಗಿಯಾಗಿ ತಬ್ಬುವಳು.

ಅದಾದರೂ ಹೋಗಲಿ ಎನ್ನಬಹುದಿತ್ತು. ಅವಳು ತಾಯಿಯ ಹತ್ತಿರವೂ ಹೋಗುತ್ತಿರಲಿಲ್ಲ. ಹಾಲೂಡಿಸುತ್ತಾ ಕೂತ ಮಗಳು ಒಂದು ಕೈ ಚಾಚಿ "ಬಾ ಕಂದಾ" ಎಂದರೆ, ಗುಂಡಿ ಆ ಒಂದು ಕೈಯನ್ನು ಒಮ್ಮೆ ನೋಡಿ ಮುಖ ತಿರುಗಿಸಿಕೊಳ್ಳುವಳು. ಮಗಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡದ್ದನ್ನು ಎರಡಿಂಚಮ್ಮ ಕಣ್ಣಾರೆ ಕಂಡಿದ್ದರು. ಕಂಕುಳಲ್ಲಿ ಮೊಮ್ಮಗಳನ್ನಿಟ್ಟುಕೊಂಡು ಒಂದೇ ಕೈಯಲ್ಲಿ ಹೊಲಿದು ಹೊಲಿದು ಅವರ ಸೊಂಟ ಬಿದ್ದುಹೋಗಿತ್ತು. ಸೊಂಟ ಹಾಳಾಗಲಿ, ಮಗಳ ಆ ಮುಖವನ್ನು ನೋಡುವುದು ಅವರಿಂದಾಗದು. ಈ ಕೂಸು ತನ್ನ ಕಾಲ ಮೇಲೆ ತಾನು ನಿಂತು ತಾಯಿಯ ಬಳಿಗೆ ಹೋಗಬೇಕು, ಅಷ್ಟಾದರೆ ಸಾಕು ಎಂದು ಹಂಬಲಿಸುತ್ತಿದ್ದರು.

ಹೀಗಿರುವಾಗ ಒಂದು ದಿನ ಗಿರಾಕಿಯೊಬ್ಬಳ ಮಗ ಅಂಗಡಿಯ ಮುಂದೆ ಪುಟ್ಟ ಸೈಕಲ್ಲೊಂದರ ಮೇಲೆ ಕೂತು, ಎರಡೂ ಕಾಲಲ್ಲಿ ನೆಲವನ್ನು ಹಿಂದಕ್ಕೆ ಒದೆಯುತ್ತಾ ಹೋದ. ಪೆಡಲೂ ಇಲ್ಲ, ಚೈನೂ ಇಲ್ಲ. ಅಜ್ಜಿಯ ಹೆಗಲಿಗೆ ಒರಗಿದ್ದ ಗುಂಡಿ ತಲೆಯೆತ್ತಿದಳು. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಕಣ್ಣು ಕೀಳಲಿಲ್ಲ.

"ಬ್ಯಾಲೆನ್ಸ್ ಸೈಕಲ್ಲಮ್ಮಾ ಅದು," ಎಂದಳು ಗಿರಾಕಿ. "ಕಾಲಲ್ಲೇ ತಳ್ಕೊಂಡು ಹೋಗೋದು."

ಎರಡಿಂಚಮ್ಮನಿಗೆ ಇನ್ನೇನು ಬೇಕು? ಗುಂಡಿ ಮಧ್ಯಾಹ್ನ ನಿದ್ದೆ ಹೋದಾಗ ಮೆಲ್ಲಗೆ ಅವಳ ಕಾಲಿನ ಒಳಭಾಗದ ಅಳತೆ ತೆಗೆದು, ಟೇಪು ಸುತ್ತಿಕೊಂಡು ಸೈಕಲ್ ಅಂಗಡಿಗೆ ನಡೆದೇಬಿಟ್ಟರು.

"ಮಗು ಎಲ್ಲಿ?" ಎಂದ ಅಂಗಡಿಯವನು.

"ಮಲಗಿದೆ. ಅಳತೆ ತಂದಿದ್ದೀನಿ."

"ಮಗೂನ ಕರ್ಕೊಂಡು ಬಂದ್ರೆ ಒಳ್ಳೇದಿತ್ತಮ್ಮಾ. ಸೀಟಲ್ಲಿ ಕೂತ್ರೆ ಪಾದ ಪೂರ್ತಿ ನೆಲಕ್ಕೆ ಊರಬೇಕು..."

"ಏನಪ್ಪಾ, ಅಳತೆ ತೆಗೆಯೋದನ್ನ ನನಗೇ ಹೇಳ್ಕೊಡ್ತೀಯಾ?"

ಪಾಪ, ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಎರಡಿಂಚಮ್ಮ ನೆಲದಿಂದ ಸೀಟಿನವರೆಗೆ ಟೇಪು ಹಿಡಿದು ಒಂದೊಂದನ್ನೇ ಅಳೆದರು. ಅಳತೆಗೆ ಸರಿಹೊಂದುವ ಕೆಂಪು ಸೈಕಲ್ ಕಣ್ಣ ಮುಂದೆಯೇ ಇತ್ತು. ಆದರೆ ಜೀವಮಾನದ ಅಭ್ಯಾಸ ಬಿಟ್ಟೀತೇ? ಅದರ ಪಕ್ಕದ್ದು, ಸೀಟು ಪೂರ್ತಿ ಇಳಿಸಿದ್ದರೂ ಎರಡಿಂಚು ಎತ್ತರದ್ದು ಅವರಿಗೆ ಹಿಡಿಸಿತು. ನೀಲಿ ಬಣ್ಣ, ದಪ್ಪ ಚಕ್ರ, ಶಾಲೆಗೆ ಸೇರಿದ ಮೇಲೂ ಓಡಿಸಬಹುದು. ದಾರಿಯುದ್ದಕ್ಕೂ ತಮ್ಮ ಜಾಣತನಕ್ಕೆ ತಾವೇ ತಲೆದೂಗುತ್ತಾ ಮನೆಗೆ ತಂದರು.

ಗುಂಡಿಯ ಕಣ್ಣು ಅರಳಿದ್ದನ್ನು ನೋಡಬೇಕಿತ್ತು! ಎಷ್ಟೋ ದಿನಗಳ ಮೇಲೆ ಅಜ್ಜಿಯ ಕೊರಳು ಬಿಟ್ಟು, ತಾನಾಗಿ ಕೈ ಚಾಚಿದಳು. ಅಜ್ಜಿ ಸೀಟಿನ ಮೇಲೆ ಕೂರಿಸಿದರು. ಗುಂಡಿ ಕಾಲು ಕೆಳಗೆ ಬಿಟ್ಟು ನೆಲ ಹುಡುಕಿದಳು. ಹೆಬ್ಬೆರಳ ತುದಿ ಮಾತ್ರ ತಾಗಿತು. ಇನ್ನಷ್ಟು ಚಾಚಿದಳು. ಸೈಕಲ್ ಒಂದು ಕಡೆ ವಾಲಿತು, ಅಜ್ಜಿ ಹಿಡಿಯುವಷ್ಟರಲ್ಲಿ ಧೊಪ್ಪೆಂದು ಬಿದ್ದಳು. ಗಾಯವೇನೂ ಆಗಲಿಲ್ಲ. ಆದರೆ ಬಿಕ್ಕಿ ಬಿಕ್ಕಿ ಅತ್ತು, "ಗುಂಡಿ ದೊಡ್ಡೋಳಲ್ಲ. ಎತ್ಕೋ," ಎಂದಳು. ಎರಡಿಂಚಮ್ಮ ಅವಳನ್ನು ಎತ್ತಿಕೊಂಡು ಕಾಲಿನ ಧೂಳು ಒರೆಸಿದರು.

"ಬದಲಾಯಿಸ್ಕೊಂಡು ಬಾರೇ," ಎಂದರು ಯಜಮಾನರು.

"ಆ ಅಂಗಡಿಯವನ ಮುಂದೆ ತಲೆ ತಗ್ಗಿಸ್ಕೊಂಡು ನಿಂತ್ಕೋಬೇಕಾ ನಾನು? ಅದಾಗದ ಮಾತು. ನೀವು ಸುಮ್ನೆ ಗುಂಡಿ ಹಚ್ಚಿ."

ಮರುದಿನ ಎರಡಿಂಚಮ್ಮ ಮಾಡಿದ್ದೇನೆಂದು ಕೇಳಿ. ದಪ್ಪ ಕ್ಯಾನ್ವಾಸ್ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ಸೂಜಿ ಮುರಿಯುವ ಹಾಗೆ ಹೊಲಿದು, ಗುಂಡಿಯ ಷೂಗಳ ಅಡಿಗೆ ಅಂಟಿಸಿದರು. ಸೈಕಲ್ ಕೆಳಗಿಳಿಯದಿದ್ದರೆ ಹುಡುಗಿ ಮೇಲೇರಲಿ ಎಂಬ ಲೆಕ್ಕಾಚಾರ! ಆ ಷೂ ತೊಡಿಸಿ, ಸೈಕಲ್ಲಿನ ಆಸೆ ತೋರಿಸಿ, ಗುಂಡಿಯನ್ನು ಅಂಗಡಿಯ ನಡುವೆ ನಿಲ್ಲಿಸಿದರು. ಅವಳು ಎರಡೂ ಕೈ ಅಗಲಿಸಿಕೊಂಡು, ಹೆಜ್ಜೆಯೆತ್ತಲಾರದೆ, ಬಾಯಿ ಸೊಟ್ಟ ಮಾಡಿ ನಿಂತಳು. ಅದೇ ಹೊತ್ತಿಗೆ ಕಾಜನನ್ನು ಎತ್ತಿಕೊಂಡು ಮಗಳು ಮೆಟ್ಟಿಲಿಳಿದು ಬಂದಳು.

"ಏನಮ್ಮಾ ಇದು?"

"ಸೈಕಲ್ ಒಂಚೂರು ಎತ್ತರ ಆಯ್ತು. ಅದಕ್ಕೇ..."

"ಅದಕ್ಕೆ ಅವಳನ್ನೇ ಆಲ್ಟರ್ ಮಾಡೋಕೆ ಹೊರಟ್ಯಾ?"

ಯಜಮಾನರು ನಗಲು ಬಾಯಿ ತೆರೆದವರು, ಮಗಳ ಮುಖ ನೋಡಿ ಮುಚ್ಚಿಕೊಂಡರು.

"ನಂಗೂ ಹೀಗೇ ಮಾಡ್ದೆ ಅಲ್ವೇನಮ್ಮಾ? ತೋಳು ಮಡಚ್ಕೊಂಡು, ಅಂಚು ಎತ್ತಿ ಹಿಡ್ಕೊಂಡೇ ಶಾಲೆ ಮುಗಿಸ್ದೆ. ಅಂಗಿ ಅಳತೆಗೆ ಬರೋ ಹೊತ್ತಿಗೆ ಬಣ್ಣ ಹೋಗಿರ್ತಿತ್ತು. ಊರಿನ ಮಕ್ಕಳಿಗೆಲ್ಲ ಹೊಲಿಯೋ ನಮ್ಮಮ್ಮ ನಂಗೊಂದು ಸರಿಯಾದ ಅಂಗಿ ಹೊಲಿಯಲ್ವಲ್ಲ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ?" ಮಗಳು ಗುಂಡಿಯ ಕಡೆ ನೋಡಿದಳು. "ನಿನ್ನ ಬೈದು ಏನು ಬಂತು! ಇವನು ಹುಟ್ಟಿದಾಗಿಂದ 'ನೀನು ದೊಡ್ಡೋಳು, ನೀನು ದೊಡ್ಡೋಳು' ಅಂತ ನಾನೂ ಅಲ್ವಾ ಇವಳ ತಲೆ ತಿಂದಿದ್ದು? ಇನ್ನೂ ಇಷ್ಟೇ ಇಷ್ಟಿದ್ದಾಳಲ್ಲಮ್ಮಾ ನನ್ನ ಕೂಸು!"

ಎರಡಿಂಚಮ್ಮನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುವಂಥದ್ದು. ಆ ದಿನ ಮಾತ್ರ ಅದು ಎಲ್ಲಿ ಹೋಯಿತೋ. ಅವರು ನೆಲದ ಮೇಲೆ ಕೂತು ಮೊಮ್ಮಗಳ ಷೂ ಬಿಚ್ಚಿದರು. ಬರಿಗಾಲು ಅವರ ಅಂಗೈಯಲ್ಲಿ ಹಿಡಿಯಷ್ಟಿತ್ತು. ಎಷ್ಟೋ ಮಕ್ಕಳ ಅಳತೆ ತೆಗೆದ ಕೈ ಅದು. ತೆಗೆದಷ್ಟನ್ನೇ ಒಂದು ಸಲವೂ ನಂಬಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. "ತಪ್ಪಾಯ್ತು ಕಣೇ," ಎಂದರು. ಅದು ಮೊಮ್ಮಗಳಿಗೋ ಮಗಳಿಗೋ ಎಂದು ಇಬ್ಬರೂ ಕೇಳಲಿಲ್ಲ.

ಆ ಸಂಜೆ ಅವರು ಒಂದು ಕೈಯಲ್ಲಿ ನೀಲಿ ಸೈಕಲ್, ಇನ್ನೊಂದು ಕಂಕುಳಲ್ಲಿ ಗುಂಡಿಯನ್ನು ಹೊತ್ತುಕೊಂಡು ಅಂಗಡಿಯವನ ಮುಂದೆ ನಿಂತರು. ತಲೆ ತಗ್ಗಿಸಿದರೇ? ತಗ್ಗಿಸಿದರು, ಸ್ವಲ್ಪ. ಅವನು ಒಳ್ಳೆಯವನು, ಏನೂ ಕೇಳದೆ ಕೆಂಪು ಸೈಕಲ್ ತಂದಿಟ್ಟು ಸೀಟು ಇಳಿಸಿದ.

ಗುಂಡಿ ಹೆದರಿಕೊಂಡೇ ಕೂತಳು. ಕಾಲು ಬಿಟ್ಟಳು. ಎರಡೂ ಪಾದ ಹಿಮ್ಮಡಿ ಸಮೇತ ನೆಲಕ್ಕೆ ಊರಿದವು, ಮೊಣಕಾಲು ಒಂದಿಷ್ಟು ಬಾಗಿಯೂ ಇತ್ತು. ಅವಳು ನಂಬಿಕೆಯಿಲ್ಲದೆ ಒಂದು ಕಾಲನ್ನು ದಪ್ಪೆಂದು ಬಡಿದು ನೋಡಿದಳು. ಇನ್ನೊಂದನ್ನೂ ಬಡಿದಳು. "ಸಿಕ್ತು!" ಎಂದು ಕೂಗಿದಳು.

"ಎಷ್ಟು ದಿನ ಬರುತ್ತಪ್ಪಾ ಇದು?" ಎರಡಿಂಚಮ್ಮನ ನಾಲಿಗೆ ಕೇಳಿಯೇಬಿಟ್ಟಿತು.

"ಬೇಗ ಸಣ್ಣದಾಗುತ್ತಮ್ಮಾ. ಒಂದು ವರ್ಷ ಬಂದ್ರೆ ಹೆಚ್ಚು."

ಎರಡಿಂಚಮ್ಮ ನೀಲಿ ಸೈಕಲ್ಲಿನ ಕಡೆ ಒಮ್ಮೆ ನೋಡಿ, "ಇರ್ಲಿ, ಇದನ್ನೇ ಕೊಡು," ಎಂದರು.

ಮನೆಯವರೆಗೆ ಎತ್ತಿಕೊಳ್ಳುವ ಮಾತೇ ಬರಲಿಲ್ಲ. ಗುಂಡಿ ಕೂತಲ್ಲೇ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ನೆಲ ಒದೆಯುತ್ತಾ, ನಿಲ್ಲುತ್ತಾ, ಮತ್ತೆ ಒದೆಯುತ್ತಾ ಬಂದಳು. ಅಜ್ಜಿ ಸೊಂಟ ಬಗ್ಗಿಸಿ ಹಿಂದೆಯೇ ಓಡಿ ಏದುಸಿರು ಬಿಟ್ಟರು. ಮಗಳು ಕಾಜನನ್ನು ಹೆಗಲಿಗೆ ಹಾಕಿಕೊಂಡು ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಗುಂಡಿ ನೇರವಾಗಿ ಅವಳ ಮುಂದೆ ಹೋಗಿ ನಿಂತಳು. ಸೈಕಲ್ಲನ್ನು ಹಾಗೇ ಬೀಳಿಸಿ ತಾಯಿಯ ಕಡೆ ಎರಡೂ ಕೈ ಎತ್ತಿ, "ಎತ್ಕೋ," ಎಂದಳು.

ಮಾಡಿದ್ದೆಲ್ಲ ನೀರುಪಾಲಾಯಿತು ಎಂದುಕೊಂಡರು ಎರಡಿಂಚಮ್ಮ. ಆದರೆ ಮಗಳು ಕಾಜನನ್ನು ಅವರ ಕೈಗೆ ಕೊಟ್ಟು, ದೊಡ್ಡವಳು ಗಿಡ್ಡವಳು ಎಂಬ ಮಾತೇ ಆಡದೆ, ಎರಡೂ ಕೈಯಲ್ಲಿ ಗುಂಡಿಯನ್ನು ಎತ್ತಿಕೊಂಡಳು. ಗುಂಡಿ ಅಮ್ಮನ ಕೊರಳಲ್ಲಿ ಮುಖ ಹುದುಗಿಸಿದಳು. ತಾಯಿ ಕಣ್ಣು ಮುಚ್ಚಿಕೊಂಡು ಅವಳ ಬೆನ್ನು ಸವರುತ್ತಾ ನಿಂತಳು. ಕಾಜ ಅಜ್ಜಿಯ ಕೈಯಲ್ಲಿ ಕುಂಯ್ ಕುಂಯ್ ಎಂದರೂ ಅವನ ಕಡೆ ಯಾರೂ ನೋಡಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಗುಂಡಿ ತಲೆಯೆತ್ತಿ ಕೆಳಗೆ ಬಿದ್ದ ಸೈಕಲ್ ನೋಡಿದಳು. ಕಾಲು ಝಾಡಿಸಿ, "ಇಳಿಸು," ಎಂದಳು.

"ಇರೇ ಚಿನ್ನಾ, ಇನ್ನೊಂಚೂರು," ಎಂದು ತಾಯಿ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಅಮ್ಮಾ, ಇಳಿಸು!"

"ಕೇಳಿಸ್ತಿಲ್ವೇನೇ? ಇಳಿಸು ಅವಳನ್ನ," ಎಂದು ಎರಡಿಂಚಮ್ಮ ಗದರಿದರು. ಗದರುವಾಗ ಅವರ ಕಣ್ಣಿಂದ ಹನಿಯೊಂದು ಕಾಜನ ತಲೆಯ ಮೇಲೆ ಬಿತ್ತು, ಅದನ್ನು ಸೆರಗಿನಿಂದ ಒರೆಸಿದರು.