ನಲವತ್ತೆರಡು ಚೀಟಿಗಳ ಬಾಳಪ್ಪ

ರೆಜಿನಾ ಟೀಚರು ಮೊದಲ ಸಲ ಕಂಡ ದಿನ ಬಾಳಪ್ಪ ತರಗತಿಯ ಬಾಗಿಲಲ್ಲೇ ನಿಂತಿದ್ದ. ೨೦೦೫ರ ಸೆಪ್ಟೆಂಬರ್. ಹಗಲೆಲ್ಲ ರಾಯ್ ಎಂಬ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನಲ್ಲಿ ಏಸಿ ರಿಪೇರಿ ಮಾಡಿ ಬಂದವನು, ಗ್ರೀಸು ಹತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಒಳಗೆ ಬನ್ನಿ, ಎಂತ ಅಲ್ಲೇ ನಿಂತದ್ದು?"

"ಕುರ್ಚಿ ಹೊಲಸಾಗತಾವ್ರೀ ಟೀಚರ್."

ಕೊಲ್ಲಿ ನಾಡಿನ ಫರ್ವಾನಿಯಾದ ಆ ಸಂಜೆ ಕಾಲೇಜು ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯದ ಶಾಖೆ. ಪದವಿ ಸಿಕ್ಕರೆ ಬಾಳಪ್ಪ ಫೋರ್‌ಮನ್ ಆಗುವನು; ಇಲ್ಲವಾದರೆ ಅದೇ ಏಣಿ, ಅದೇ ಬಿಸಿಲು.

ಕೊನೆಯ ವರ್ಷ ಮೂವರಿಗೊಂದು ಪ್ರಾಜೆಕ್ಟು. ವರದಿ ಒಂದೇ, ಅಂಕ ಬೇರೆ ಬೇರೆ. ಕಾಲೇಜಿನ ತಾರಸಿಯಲ್ಲಿದ್ದ ನಲವತ್ತೆರಡು ಏಸಿಗಳನ್ನು ಪರೀಕ್ಷಿಸಬೇಕಿತ್ತು. ಜೊತೆಗಾರರು ಇಬ್ಬರು: ಶರ್ಕ್ ಬಡಾವಣೆಯ ಕಚೇರಿಯಲ್ಲಿ ನಕ್ಷೆ ಬರೆಯುವ ಪುರಂದರ, ಅಂಗಡಿಯಲ್ಲಿ ಏಸಿ ಮಾರುವ ಅಶ್ಕರ್.

"ಏಸಿ ಅಂದ್ರೆ ನಿಮಗೆ ನೀರು ಕುಡಿದ ಹಾಗೆ ಬಾಳಪ್ಪಣ್ಣ. ಮಾತಾಡುವುದು ನಾನು ನೋಡಿಕೊಳ್ತೇನೆ," ಎಂದ ಪುರಂದರ.

"ಹೂಂ, ನೀವು ಮಾತಾಡ್ರಿ. ನಾ ಬೆವರತೀನಿ."

ರಜೆಯ ಶುಕ್ರವಾರ ಬಂತೆಂದರೆ ಬಾಳಪ್ಪ ತಾರಸಿಯಲ್ಲಿ. ತಗಡು ಮುಟ್ಟಿದರೆ ಬೊಬ್ಬೆ ಏಳುವ ಬಿಸಿಲು. ಯಂತ್ರ ಬಿಚ್ಚಿದವನೇ ತನ್ನ ಹೆಸರಿನ ಚೀಟಿ ಕಟ್ಟಬೇಕೆಂಬುದು ವರ್ಕ್‌ಶಾಪಿನ ಕಟ್ಟಳೆ. ಇಲ್ಲಿಯೂ ಒಂದೊಂದಕ್ಕೂ ಕಟ್ಟುತ್ತ ಹೋದ. ಕೆಲಸವೆಲ್ಲ ತನ್ನ ತಲೆಗೇ ಬಿತ್ತೆಂದು ಗೊಣಗುತ್ತಿದ್ದ. ಒಮ್ಮೆ ಅಶ್ಕರ್ ಫೋನಿನಲ್ಲಿ, "ನಾನೂ ಬರ್ಲಾ ಅಣ್ಣ?" ಎಂದು ಕೇಳಿದ್ದ. "ಬ್ಯಾಡ. ನೀ ತಪ್ಪು ಬರೀತಿ, ಮತ್ತ ನಾನ ತಿದ್ದಬೇಕು," ಎಂದುಬಿಟ್ಟಿದ್ದ ಬಾಳಪ್ಪ. ಮತ್ತೆ ಅವನು ಕೇಳಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಪುರಂದರನ ಇಂಗ್ಲಿಷು ಹರಿಯಿತು. ಅಶ್ಕರ್ ತಲೆಯಾಡಿಸಿದ. ಊರಿನಿಂದ ಬಂದಿದ್ದ ಪರೀಕ್ಷಕರು ಬಾಳಪ್ಪನ ಕಡೆಗೆ ತಿರುಗಿ, ಇದರಲ್ಲಿ ನಿಮ್ಮ ಕೆಲಸ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರು. ಬಾಳಪ್ಪನಿಗೆ ಗೊತ್ತಿದ್ದ ನಾಲ್ಕು ಮಾತೂ ಓಡಿಹೋದವು. ಪರೀಕ್ಷಕರು ಪೆನ್ನು ಎತ್ತಿಕೊಂಡರು. ಮೂರು ವರ್ಷದ ಓದು ಮುಳುಗಿತು ಅನ್ನಿಸಿದ್ದೇ ತಡ, ಅವನು ಎದ್ದು ಬಾಗಿಲು ತೆರೆದು, ಮೇಲಕ್ಕೆ ಬೆರಳು ತೋರಿಸಿದ.

"ಸರ್... ಕಮ್."

ರೆಜಿನಾ ಟೀಚರೇ ಮೊದಲು ಎದ್ದರು. ತಾರಸಿಯ ಮೇಲೆ ಪರೀಕ್ಷಕರು ಚೀಟಿಗಳನ್ನು ಒಂದೊಂದಾಗಿ ಓದಿದರು. ಎಲ್ಲದರಲ್ಲೂ ಒಂದೇ ಹೆಸರು. ಅವರು ಬೆವರು ಒರೆಸಿಕೊಂಡು ಇಳಿದರು.

"ಚೀಟಿ ಕಟ್ಟುವ ವಿಷಯ ನಮಗೂ ಹೇಳಬಹುದಿತ್ತಲ್ಲ ಬಾಳಪ್ಪಣ್ಣ," ಎಂದು ಮೆಟ್ಟಿಲಲ್ಲಿ ಪುರಂದರನ ಆಕ್ಷೇಪಣೆ.

ಬಾಳಪ್ಪ ಪಾಸಾದ. ಪುರಂದರನಿಗೆ ಅವನಿಗಿಂತ ಐದು ಅಂಕ ಹೆಚ್ಚೇ ಬಂದಿತ್ತು.

ಈಗ ಬಾಳಪ್ಪ ರಾಯ್‌ನ ಅದೇ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಇಬ್ಬರನ್ನು ಕಳಿಸಿದ ಕೆಲಸಕ್ಕೆ ಎರಡು ಚೀಟಿ ಬೀಳಲೇಬೇಕು. ಹೊಸಬರು ಬಂದರೆ ಅವರನ್ನು ಏಣಿ ಹತ್ತಿಸಿ ತಾನು ಕೆಳಗೆ ಹಿಡಿದು ನಿಲ್ಲುತ್ತಾನೆ. ಮೇಲಿನವನು ಸ್ಪ್ಯಾನರ್ ಇಟ್ಟು ತಡಕಾಡಿದರೆ ಇವನ ಕಾಲು ತಾನಾಗಿಯೇ ಮೊದಲ ಮೆಟ್ಟಿಲಿಗೆ ಹೋಗುತ್ತದೆ. ಇಳಿಸಿಕೊಳ್ಳುತ್ತಾನೆ, ಮತ್ತೆ ಹೋಗುತ್ತದೆ.

"ಮಾಡೋ ಮಾರಾಯಾ, ನೀನ ಮಾಡು," ಎನ್ನುತ್ತ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ.